ಪಗಾರದಿಂದಲೇ ಮಕ್ಕಳ ಜೀವನಾಂಶ: ಪಾಲಕರಿಗೆ ತಿಳಿದಿರಬೇಕಾದ ಕಾಗದಪತ್ರ



ವಿದ್ಯಾರ್ಥಿವೇತನದ ಅರ್ಜಿ ನೋಡುವಾಗ ‘ತಂದೆಯ ಆದಾಯ’ ಎಂಬ ಕಾಲಂ ಖಾಲಿ ಬಿಟ್ಟವು ಪ್ರತಿವರ್ಷ ಕೆಲವು ಸಿಗುತ್ತವೆ. ಈ ಸಲ ಸಂಗೊಳ್ಳಿ ಕಡೆಯ ಒಬ್ಬ ತಾಯಿಯನ್ನು ವಿಚಾರಿಸಿದೆ. ಪ್ಲಾಸ್ಟಿಕ್ ಚೀಲದಿಂದ ಕೋರ್ಟಿನ ಆದೇಶ ತೆಗೆದು ತೋರಿಸಿದರು. ಇಬ್ಬರು ಮಕ್ಕಳಿಗೆ ತಿಂಗಳಿಗೆ 6,000 ರೂಪಾಯಿ ಕೊಡಬೇಕೆಂದು ಆದೇಶವಾಗಿ ಮೂರು ವರ್ಷ. “ಒಂದು ಪೈಸಾನೂ ಬಂದಿಲ್ಲರಿ ಸರ. ಕೋರ್ಟಿನವರೇ ಕೊಡಸ್ತಾರ ಅಂದಕೊಂಡಿದ್ದೆ” ಎಂದರು. ತಂದೆಗೆ ತಿಂಗಳ ಪಗಾರದ ನೌಕರಿ ಇದೆ.

ಕೋರ್ಟು ತಾನಾಗಿ ಕೊಡಿಸುವುದಿಲ್ಲ, ಕೇಳಬೇಕು. ಕೇಳುವುದಕ್ಕೂ ಗಡುವಿದೆ. ಹಿಂದಿನ ಸಿಆರ್‌ಪಿಸಿಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಅದರಡಿ ಬಾಕಿ ವಸೂಲಿಗೆ ವಾರಂಟ್ ಬೇಕಾದರೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆ ತಾಯಿಗೆ ಬರಬೇಕಾದದ್ದು 2,16,000 ರೂಪಾಯಿ. ಈ ದಾರಿಯಲ್ಲಿ ಈಗ ಕೇಳಬಹುದಾದದ್ದು ಕೊನೆಯ ಹನ್ನೆರಡು ತಿಂಗಳದ್ದು, 72,000 ಮಾತ್ರ.

ಇದ್ದತ್ ಮುಗಿದ ಮೇಲೆ ಏನೂ ಕೇಳುವಂತಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ. ಮಕ್ಕಳ ಹಕ್ಕು ಬೇರೆ. ನೂರ್ ಸಬಾ ಖಾತೂನ್ ಪ್ರಕರಣದಲ್ಲಿ 1997ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಹೆಣ್ಣುಮಕ್ಕಳಿಗೆ ಮದುವೆಯಾಗುವವರೆಗೂ ತಂದೆ ಕೊಡಬೇಕು ಎಂದಿತು. ವಿಚ್ಛೇದಿತ ತಾಯಿಯೂ ತನಗಾಗಿ 125ನೇ ಕಲಮಿನಡಿ ಕೇಳಬಹುದೆಂದು 2024ರ ಜುಲೈ 10ರಂದು ಅದೇ ಕೋರ್ಟ್ ಹೇಳಿದೆ.

ಇನ್ನು ಪಗಾರದ ವಿಷಯ. ಆದೇಶವು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆಗಿದ್ದರೆ ಕೆಲಸ ಸುಲಭ. ಗಂಡ ಹಣ ಕೊಡದಿದ್ದಾಗ, ಪಗಾರದ ಒಂದು ಭಾಗವನ್ನು ನೇರವಾಗಿ ಹೆಂಡತಿಗೆ ಕೊಡಿ ಅಥವಾ ಕೋರ್ಟಿನಲ್ಲಿ ಕಟ್ಟಿ ಎಂದು ಮ್ಯಾಜಿಸ್ಟ್ರೇಟರು ಮಾಲೀಕರಿಗೇ ಆದೇಶಿಸಬಹುದು. ಇದು 20(6)ನೇ ಕಲಂ. ಅರ್ಜಿಯಲ್ಲಿ ಈ ಸಂಖ್ಯೆ ಬರೆಯಿಸಿ. 125 ಅಥವಾ 144ರ ಆದೇಶವಾದರೆ, ಅದನ್ನು ಸಿವಿಲ್ ಕೋರ್ಟಿನ ಹಣದ ಡಿಕ್ರಿಯಂತೆ ಜಾರಿ ಮಾಡಿಸಬಹುದೆಂದು ರಜನೇಶ್–ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಧಾರಣ ಸಾಲಕ್ಕೆ ಪಗಾರದ ಸಣ್ಣ ಪಾಲನ್ನಷ್ಟೇ ಜಪ್ತಿ ಮಾಡಲು ಬರುತ್ತದೆ. ಜೀವನಾಂಶದ ಡಿಕ್ರಿಗೆ ಮಾತ್ರ ಮೂರರಲ್ಲಿ ಒಂದು ಪಾಲು ಬಿಟ್ಟು ಉಳಿದದ್ದಕ್ಕೆ ಕೈ ಹಾಕಬಹುದು. ಪಗಾರ 27,000 ಎಂದಿಟ್ಟುಕೊಳ್ಳಿ; ನೌಕರನಿಗೆ ಉಳಿಯಲೇಬೇಕಾದದ್ದು 9,000. ತಂದೆ ದಿನಗೂಲಿಯವರಾದರೆ ಈ ದಾರಿ ನಡೆಯದು, ವಾರಂಟೇ ಗತಿ. ಅದರಲ್ಲಿ ಒಂದು ತಿಂಗಳವರೆಗೆ ಜೈಲಾಗಬಹುದು. ಜೈಲಿಗೆ ಹೋಗಿಬಂದರೂ ಬಾಕಿ ಮನ್ನಾ ಆಗುವುದಿಲ್ಲ.

ಅರ್ಜಿ ತಿರುಗಿ ಬರುವುದು ಹೆಚ್ಚಾಗಿ ವಿಳಾಸದ ಕೊರತೆಯಿಂದ. ‘ಸರಕಾರಿ ನೌಕರಿ’ ಎಂದರೆ ಸಾಲದು. ಪಗಾರ ಬಟವಾಡೆ ಮಾಡುವ ಕಚೇರಿ ಯಾವುದು ಎಂದು ಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕರಾದರೆ ಅದು ಶಾಲೆಯಲ್ಲ, ಬಿಇಓ ಕಚೇರಿ. ಹಳೆಯ ಪಗಾರ ಚೀಟಿ, ಕೆಜಿಐಡಿ ನಂಬರ್ ಇದ್ದರೆ ತುಂಬ ಅನುಕೂಲ. ಜೊತೆಗೆ ಆದೇಶದ ದೃಢೀಕೃತ ನಕಲು, ತಿಂಗಳವಾರು ಬಾಕಿ ಪಟ್ಟಿ, ನಿಮ್ಮ ಪಾಸ್‌ಬುಕ್ಕಿನ ಜೆರಾಕ್ಸ್ ಇರಲಿ. ನಡುವೆ ಕೈಯಲ್ಲಿ ಕೊಟ್ಟ ಐನೂರು, ಸಾವಿರವನ್ನೂ ಪಟ್ಟಿಯಲ್ಲಿ ತೋರಿಸಿ; ಮುಚ್ಚಿಟ್ಟರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ದಾನಿಗಳಲ್ಲಿ ಅಂಗಡಿ, ಕಾರ್ಖಾನೆ ನಡೆಸುವವರೂ ಇದ್ದೀರಿ. ಪಗಾರ ಜಪ್ತಿಯ ಆದೇಶ ನಿಮಗೆ ಬಂದರೆ ಅದನ್ನು ಡ್ರಾವರಿನಲ್ಲಿ ಇಡಬೇಡಿ. ನೌಕರನ ಮೇಲೆ ಕನಿಕರಪಟ್ಟು ಪೂರ್ತಿ ಪಗಾರ ಕೊಟ್ಟರೆ, ಆ ಹಣಕ್ಕೆ ನೀವೇ ಹೊಣೆ.

ವಕೀಲರ ಫೀಗೆ ಹೆದರಬೇಕಾಗಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಆ ತಾಯಿಯ ಅರ್ಜಿ ಈಗ ಕೋರ್ಟಿನಲ್ಲಿದೆ. ನಮ್ಮ ಫಾರ್ಮಿನ ಆ ಕಾಲಮನ್ನು ಯಾರೂ ಖಾಲಿ ಬಿಡಬೇಡಿ. ‘ಆದೇಶ ಇದೆ, ಹಣ ಬಂದಿಲ್ಲ’ ಎಂದು ಬರೆದು, ಸಂದರ್ಶನದ ದಿನ ಆದೇಶದ ಪ್ರತಿ ತನ್ನಿರಿ. ಬಾಕಿ ಪಟ್ಟಿ ಬರೆಯಲು ನಾನು ಕೂತಿರುತ್ತೇನೆ.