ಎಂಟಿಐ ತೆಗೆದ ಮೇಲೆ ಉಳಿದವನು ಯಾರು?

2000ದ ಆಸುಪಾಸಿನಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಗೆ ರಾತ್ರಿ ಕ್ಯಾಬ್‌ಗಳು ಓಡತೊಡಗಿದ ಕಾಲದಲ್ಲಿ 'ಎಂಟಿಐ' ಎಂಬ ಮೂರಕ್ಷರ ಬೆಂಗಳೂರಿಗೆ ಬಂತು. ಇಂಗ್ಲಿಷ್ ಆಡುವಾಗ ಇಣುಕುವ ಮಾತೃಭಾಷೆಯ ಛಾಯೆಗೆ ಕಾಲ್ ಸೆಂಟರಿನವರು ಇಟ್ಟ ಹೆಸರು ಅದು. ಕೇಳಿದರೆ ಯಾವುದೋ ಸೋಂಕಿನ ಹೆಸರಿನಂತಿದೆ. ತರಬೇತಿಯ ಧಾಟಿಯೂ ಚಿಕಿತ್ಸೆಯದೇ. 'ಯೆಂಜಿನಿಯರ್', 'ವೋನ್ಲಿ' ಎನ್ನುವ ಮಂಡ್ಯದ ಹುಡುಗ ಕೆಲವು ವಾರಗಳಲ್ಲಿ ಆ ಯಕಾರ, ವಕಾರಗಳನ್ನು ಬಿಟ್ಟು, ಎಷ್ಟೋ ಕಡೆ ತನ್ನ ಹೆಸರನ್ನೂ ಬಿಟ್ಟು ಫೋನಿನಲ್ಲಿ 'ಸ್ಯಾಮ್' ಆಗಬೇಕಿತ್ತು. ಹುಡುಗರು ತಮ್ಮತನ ಮಾರಿಕೊಂಡರು ಎಂದು ಮರುಗಿದವರಿದ್ದರು. ಧ್ವನಿವಿಜ್ಞಾನ ಹೇಳುವ ಕತೆ ಅಷ್ಟು ಸರಳವಲ್ಲ.

ಬಾಯಿಯ ಮುಂದೆ ತೆಳು ಕಾಗದ ಹಿಡಿದು 'ಪೆನ್' ಎಂದು ನೋಡಿ. ಕನ್ನಡಿಗರು ಹೇಳಿದರೆ ಕಾಗದ ಅಷ್ಟಾಗಿ ಅಲುಗದು. ಅಮೆರಿಕದವರು ಹೇಳಿದರೆ ಹಾರುತ್ತದೆ. ತುಟಿ ತೆರೆದ ಮೇಲೆ, ಗಂಟಲಿನ ಕಂಪನ ಶುರುವಾಗುವ ಮುನ್ನ, ಅವರಲ್ಲಿ ಸುಮಾರು 60 ಮಿಲಿಸೆಕೆಂಡ್ ಬರೀ ಉಸಿರು ಹೊರಡುತ್ತದೆ. ನಮ್ಮ ಪಕಾರದಲ್ಲಿ ಅದು ಹತ್ತಿಪ್ಪತ್ತು ಅಷ್ಟೆ. ವರ್ಣಮಾಲೆಯಲ್ಲಿ ನಮಗೂ ಮಹಾಪ್ರಾಣಗಳಿವೆ ನಿಜ, ಆಡುಮಾತಿನಲ್ಲಿ ಬಹಳಷ್ಟು ಮಂದಿ ಅವನ್ನು ಎಂದೋ ಕೈಬಿಟ್ಟಿದ್ದಾರೆ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಉಸಿರು: ಮಂಡ್ಯಕ್ಕೂ ಸ್ಯಾಮ್‌ಗೂ ನಡುವೆ ಇರುವ ಅಂತರಗಳಲ್ಲಿ ಇದೊಂದು.

ಇಷ್ಟು ಸಣ್ಣದನ್ನು ಬದಲಿಸುವುದು ಯಾಕೆ ಕಷ್ಟ? 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತಕಾರ, ಟಕಾರ ಕೇಳಿಸಿದರು. 6-8 ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. 10-12 ತಿಂಗಳಿನವುಗಳಲ್ಲಿ ಆ ಶಕ್ತಿ ಬಹುಮಟ್ಟಿಗೆ ಮಾಯವಾಗಿತ್ತು. 'ನಾನು' ಎನ್ನಲು ಕಲಿಯುವ ಮೊದಲೇ ಮನೆಯ ಮಾತು ನಮ್ಮ ಕಿವಿಯನ್ನು ತಿದ್ದಿಬಿಟ್ಟಿರುತ್ತದೆ. ಯಾವುದನ್ನು ತೀರಾ ನನ್ನದು ಎಂದುಕೊಳ್ಳುತ್ತೇವೋ ಅದನ್ನು ಆರಿಸಿಕೊಂಡವರು ನಾವಲ್ಲ.

ಹಾಗೆಂದು ಅದು ಅಲ್ಲೇ ನಿಲ್ಲುವುದೂ ಇಲ್ಲ. ರಾಣಿ ಎರಡನೇ ಎಲಿಜಬೆತ್‌ರ 1950ರ ಮತ್ತು 1980ರ ದಶಕಗಳ ಕ್ರಿಸ್ಮಸ್ ಭಾಷಣಗಳನ್ನು ಜೊನಾಥನ್ ಹ್ಯಾರಿಂಗ್ಟನ್ ತಂಡ ಅಳೆದು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆಯಿತು: ರಾಣಿಯ ಸ್ವರಗಳು ಪ್ರಜೆಗಳ ಮಾತಿನತ್ತ ಸರಿದಿದ್ದವು. ಅರಮನೆಗೆ ಕಾಲ್ ಸೆಂಟರಿನ ಯಾವ ಟ್ರೈನರೂ ಹೋಗಿರಲಿಲ್ಲ! ಎದುರಿನವರಿಗೆ ತಕ್ಕಂತೆ ಮಾತು ವಾಲುವುದನ್ನು ಹೋವರ್ಡ್ ಗೈಲ್ಸ್ 1970ರ ದಶಕದಲ್ಲೇ ಸಿದ್ಧಾಂತವಾಗಿಸಿದ್ದರು. ಪೀಣ್ಯದ ಶೆಡ್ಡುಗಳಲ್ಲಿ ಇದು ದಿನವೂ ನಡೆಯುತ್ತದೆ. ಸೂಪರ್‌ವೈಸರ್ ಎದುರು 'ಆಯ್ತು ಸಾರ್' ಎಂದ ಧಾರವಾಡ ಕಡೆಯ ಟರ್ನರ್, ಮಧ್ಯಾಹ್ನ ಫೋನಿನಲ್ಲಿ 'ಯವ್ವಾ, ಊಟಾ ಆತೇನ?' ಎನ್ನುತ್ತಾನೆ. ಎರಡೂ ಅವನೇ.

ಆದ್ದರಿಂದ ಉಚ್ಚಾರಣೆ ತಿದ್ದಿಕೊಂಡದ್ದು ನನಗೆ ಅವಮಾನವೆನಿಸುವುದಿಲ್ಲ. ಹೆಸರು ಮುಚ್ಚಿಟ್ಟು, ಕೂತಿರುವ ಊರನ್ನೂ ಮರೆಮಾಚಲು ಹೇಳಿದ್ದು ಅವಮಾನ. ಮೊದಲನೆಯದು ಕೌಶಲ, ಎರಡನೆಯದು ಆಜ್ಞೆ. ಅಷ್ಟಾಗಿಯೂ ಕಾಲ್ ಸೆಂಟರಿನ ಟ್ರೈನರುಗಳು ಕಲಿಸುತ್ತಿದ್ದ 'ನ್ಯೂಟ್ರಲ್ ಆಕ್ಸೆಂಟ್' ಯಾವುದು? ಬೆಂಗಳೂರಿನ ತರಬೇತಿ ಸಂಸ್ಥೆಯೊಂದರಲ್ಲಿ ಅಧ್ಯಯನ ನಡೆಸಿದ ಭಾಷಾವಿಜ್ಞಾನಿ ಕ್ಲೇರ್ ಕೋವಿ 2007ರಲ್ಲಿ ಪ್ರಕಟಿಸಿದ ಪ್ರಬಂಧ ನೋಡಿದರೆ, ಆ ಮಾತಿಗೆ ಒಂದೇ ಅರ್ಥವಿರಲಿಲ್ಲ.

ಈಗ ಟ್ರೈನರ್ ಜಾಗಕ್ಕೆ ಸಾಫ್ಟ್‌ವೇರ್ ಬಂದಿದೆ. ಭಾರತದ ಏಜೆಂಟರ ಉಚ್ಚಾರಣೆಯನ್ನು ಮಾತಾಡುತ್ತಿರುವಾಗಲೇ ಬದಲಿಸುವ 'ಸನಾಸ್' ತಂತ್ರಜ್ಞಾನವನ್ನು ಟೆಲಿಪರ್ಫಾರ್ಮೆನ್ಸ್ ಬಳಸುತ್ತಿರುವುದು 2025ರಲ್ಲಿ ಸುದ್ದಿಯಾಯಿತು. ಹುಡುಗ ತನ್ನಂತೆಯೇ ಮಾತಾಡಬಹುದು, ಗ್ರಾಹಕರಿಗೆ ಬೇರೆಯೇ ಕೇಳುತ್ತದೆ. ನಾಲಿಗೆಗೆ ಬಿಡುವು ಸಿಕ್ಕಿತು, ಒಳ್ಳೆಯದೇ. ಆದರೆ ಅಂದು ಕಲಿತ ಆ 60 ಮಿಲಿಸೆಕೆಂಡಿನ ಉಸಿರು ಕೆಲಸ ಬಿಟ್ಟ ಮೇಲೂ ಅವನ ಜೊತೆ ಮುಂದಿನ ಕಂಪನಿಗೆ ಹೋಗುತ್ತಿತ್ತು. ಈಗಿನದು ಲಾಗೌಟ್ ಆದೊಡನೆ ಕಂಪನಿಯಲ್ಲೇ ಉಳಿಯುತ್ತದೆ.