ಕೈ ಟಟಾಲಿಯಾದು, ತಲೆ ಬಾರ್ಜಿನಿಯದು

ಮಾರಿಯೊ ಪೂಜೊ 1969ರಲ್ಲಿ ಬರೆದ, ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ 1972ರಲ್ಲಿ ತೆರೆಗೆ ತಂದ ‘ದ ಗಾಡ್‌ಫಾದರ್’ನಲ್ಲಿ ನ್ಯೂಯಾರ್ಕ್ ಐದು ಮಾಫಿಯಾ ಕುಟುಂಬಗಳ ಪಾಲು: ಕಾರ್ಲಿಯೋನೆ, ಟಟಾಲಿಯಾ, ಬಾರ್ಜಿನಿ, ಕುನಿಯೊ, ಸ್ಟ್ರಾಚಿ. ಬಡಿದಾಡುವುದು ಮೊದಲ ಎರಡು. ಆಟ ಆಡಿಸುವುದು ಮೂರನೆಯದು.

ಸಿನಿಮಾದಲ್ಲಿ ಬಿರುಕು ಬಿಡುವುದು ಒಂದೇ ಮಾತಿಗೆ. ಹೆರಾಯಿನ್ ದಂಧೆಗೆ ಹತ್ತು ಲಕ್ಷ ಡಾಲರ್ ಬಂಡವಾಳ, ಜೊತೆಗೆ ರಾಜಕಾರಣಿಗಳ ರಕ್ಷಣೆ ಕೇಳಿಕೊಂಡು ಸೊಲೊಜ್ಜೊ ಬರುತ್ತಾನೆ. ಕಾರ್ಲಿಯೋನೆ ಕುಟುಂಬದ ಯಜಮಾನ ಡಾನ್ ವಿಟೊ ಒಪ್ಪುವುದಿಲ್ಲ. ನಿಮ್ಮ ದುಡ್ಡಿಗೆ ಟಟಾಲಿಯಾ ಕಡೆಯವರು ಜಾಮೀನು ಎಂದು ಸೊಲೊಜ್ಜೊ ಅಂದದ್ದೇ ತಡ, ಹಿರಿಯ ಮಗ ಸನ್ನಿ ನಡುವೆ ಬಾಯಿ ಹಾಕುತ್ತಾನೆ. ಅಪ್ಪನಿಗೆ ಬೇಡವಾದದ್ದು ಮಗನಿಗೆ ಬೇಕಾಗಿದೆ ಎಂದು ಎದುರು ಕೂತವನಿಗೆ ಗೊತ್ತಾಗಿಬಿಡುತ್ತದೆ. ಅಪ್ಪನನ್ನು ತೆಗೆದರೆ ಮಗನೊಡನೆ ವ್ಯವಹಾರ ಕುದುರುತ್ತದೆ. ಡಾನ್ ಮೇಲೆ ಗುಂಡು ಹಾರುವುದು ಈ ಲೆಕ್ಕದಿಂದಲೇ.

ಆಮೇಲಿನ ರಕ್ತಪಾತ ನೋಡಿದವರಿಗೆಲ್ಲ ನೆನಪಿದೆ. ನನ್ನನ್ನು ಹಿಡಿದು ನಿಲ್ಲಿಸುವುದು, ಸನ್ನಿ ಸತ್ತ ಮೇಲೆ ಸೇರುವ ರಾಜಿ ಸಭೆ. ಜಗಳ ಇರುವುದು ಟಟಾಲಿಯಾ ಜೊತೆ. ಆದರೆ ಸಭೆ ನಡೆಸುವವನು, ಷರತ್ತು ಮುಂದಿಡುವವನು ಬಾರ್ಜಿನಿ. ಸನ್ನಿಯನ್ನು ಮುಗಿಸುವ ಯೋಗ್ಯತೆ ಟಟಾಲಿಯಾಗೆ ಇರಲಿಲ್ಲ, ಹಿಂದೆ ನಿಂತವನು ಬಾರ್ಜಿನಿ ಎಂಬುದು ಗುಂಡೇಟಿನಿಂದ ಬದುಕುಳಿದ ಡಾನ್‌ಗೆ ಖಚಿತವಾಗುವುದು ಅಂದೇ. ಅಲ್ಲಿಂದಾಚೆ ಆತನ ಕಣ್ಣು ಹೊರಗಿನವರ ಮೇಲಲ್ಲ, ತನ್ನವರ ಮೇಲೆ. ಬಾರ್ಜಿನಿ ಜೊತೆ ಮಾತುಕತೆಗೆ ಯಾರು ಕರೆ ತರುತ್ತಾನೋ ಅವನೇ ದ್ರೋಹಿ ಎಂದು ಕಿರಿಯ ಮಗ ಮೈಕೆಲ್‌ಗೆ ಹೇಳಿಡುತ್ತಾನೆ. ಡಾನ್‌ನ ಮಣ್ಣಿನ ದಿನವೇ ಆ ಕರೆ ಬರುತ್ತದೆ. ತಂದವನು ಹಳೆಯ ಬಂಟ ಟೆಸಿಯೊ. ಇಡೀ ಕಥೆಯಲ್ಲಿ ಇದಕ್ಕಿಂತ ನೋಯಿಸುವ ಗಳಿಗೆ ನನಗೆ ಕಂಡಿಲ್ಲ. ಟೆಸಿಯೊ ದಡ್ಡನೂ ಅಲ್ಲ, ದುರಾಸೆಯವನೂ ಅಲ್ಲ. ಮೈಕೆಲ್ ಸೋಲುತ್ತಾನೆಂದು ಲೆಕ್ಕ ಹಾಕಿದ, ಅಷ್ಟೆ.

ಪೂಜೊ ಇದನ್ನು ಬರೀ ಕಲ್ಪನೆಯಿಂದ ಕಟ್ಟಲಿಲ್ಲ. 1931ರ ಗ್ಯಾಂಗ್ ಕಾಳಗದ ಕೊನೆಗೆ ನ್ಯೂಯಾರ್ಕಿನಲ್ಲಿ ನಿಜವಾಗಿಯೂ ಐದು ಕುಟುಂಬಗಳಾದವು. ಅವುಗಳ ಒಳಗುಟ್ಟನ್ನು 1963ರಲ್ಲಿ ಮಾಫಿಯಾದವನೇ ಆದ ಜೋ ವಲಾಚಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಬಿಚ್ಚಿಟ್ಟ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೊನಾನೊ ಕುಟುಂಬದ ಯಜಮಾನ ಜೋಸೆಫ್ ಬೊನಾನೊ ಮತ್ತು ಪ್ರೊಫಾಚಿ ಕುಟುಂಬದ ಯಜಮಾನ ಜೋ ಮಾಲಿಯೊಕೊ ಗುಟ್ಟಾಗಿ ಕೈಜೋಡಿಸಿ, ಎದುರಾಳಿ ಕುಟುಂಬಗಳ ಯಜಮಾನರಾದ ಕಾರ್ಲೊ ಗ್ಯಾಂಬಿನೊ ಮತ್ತು ಟಾಮಿ ಲುಕೇಸಿಯನ್ನು ಕೊಲ್ಲಿಸಲು ಹೊರಟಿದ್ದರು ಎಂಬುದು ಮಾಫಿಯಾ ಇತಿಹಾಸ ಬರೆದವರು ಹೇಳುವ ಮಾತು. ಕೆಲಸ ಒಪ್ಪಿಸಿದ್ದು ತಮ್ಮದೇ ಆಳು ಜೋ ಕೊಲಂಬೊಗೆ. ಅವನು ನೇರ ಹೋಗಿ ಗ್ಯಾಂಬಿನೊ ಕಿವಿಗೆ ಹಾಕಿದ.

ಕಾದಂಬರಿಯ ಟೆಸಿಯೊ ದ್ರೋಹಕ್ಕೆ ಪ್ರಾಣ ತೆತ್ತ. ಕೊಲಂಬೊಗೆ ಪ್ರೊಫಾಚಿ ಕುಟುಂಬದ ಯಜಮಾನಿಕೆಯೇ ಸಿಕ್ಕಿತು. ಆ ಕುಟುಂಬವನ್ನು ಇಂದಿಗೂ ಕರೆಯುವುದು ಅವನ ಹೆಸರಿನಿಂದಲೇ.