ದಮ್ಮಿನ ಕಾಯಿಲೆಗೆ ಎಷ್ಟು ಕೋಡ್?

ಕೋಡಿಂಗ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಸಿ, ಪೈಥಾನ್, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಕೊಡಬೇಕಾದ ಅಸೈನ್‌ಮೆಂಟ್. ಆದರೆ ಬೆಂಗಳೂರಿನಲ್ಲಿ 'ಕೋಡರ್' ಅನ್ನಿಸಿಕೊಂಡ ಎಷ್ಟೋ ಜನ ಒಂದು ಸಾಲು ಪ್ರೋಗ್ರಾಂ ಕೂಡ ಬರೆಯುವುದಿಲ್ಲ. ಅಮೆರಿಕದ ಆಸ್ಪತ್ರೆಗಳ ರೋಗಿಗಳ ದಾಖಲೆ ಓದಿ, ಪ್ರತಿ ಕಾಯಿಲೆಗೂ ಸರಿಯಾದ ಸಂಕೇತ ಹಾಕುವುದು ಅವರ ಕೆಲಸ. ಇದೇ ಮೆಡಿಕಲ್ ಕೋಡಿಂಗ್. ಇದು ಹೇಗೆ ನಡೆಯುತ್ತೆ ಅಂತ ನೋಡೋಕೆ ಒಂದೇ ಕಾಯಿಲೆ ತಗೊಳ್ಳೋಣ: ಸಿಒಪಿಡಿ.

ಬೀಡಿ-ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ, ಕಾರ್ಖಾನೆಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸನಾಳಗಳು ಕಿರಿದಾಗುತ್ತವೆ. ಎಳೆದುಕೊಂಡ ಗಾಳಿ ಸಲೀಸಾಗಿ ಹೊರಗೆ ಬರಲ್ಲ. ಪತ್ತೆಗೆ ಸ್ಪೈರೋಮೆಟ್ರಿ ಮಾಡುತ್ತಾರೆ: ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು, ಪೂರ್ತಿ ಊದಿದ ಗಾಳಿಯಿಂದ ಭಾಗಿಸುವುದು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಉತ್ತರ 0.7ಕ್ಕಿಂತ ಕಡಿಮೆ ಬಂದು, ಲಕ್ಷಣಗಳೂ ಇದ್ದರೆ ಸಿಒಪಿಡಿ.

ಹಾಗಾದ್ರೆ ಒಂದು ಇಫ್-ಎಲ್ಸ್ ಬರೆದರೆ ಮುಗೀತಲ್ಲ ಅಂತ ನಮಗನ್ನಿಸುತ್ತೆ. ಇಲ್ಲೇ ತಮಾಷೆ ಇರೋದು. ವರದಿಯಲ್ಲಿ 0.55 ಅಂತ ಎದ್ದು ಕಾಣುತ್ತಿದ್ದರೂ ಕೋಡರ್ ತಾನಾಗಿಯೇ ಸಿಒಪಿಡಿ ಕೋಡ್ ಹಾಕುವಂತಿಲ್ಲ. ಚಿಕಿತ್ಸೆ ಕೊಟ್ಟ ವೈದ್ಯರು ಹಾಗಂತ ಬರೆದಿರಬೇಕು. ಬರೆದಿಲ್ಲದಿದ್ದರೆ ಅವರನ್ನೇ ಕೇಳಬೇಕು. ಅಂದರೆ ಕೋಡ್ ಹೇಳೋದು ಶ್ವಾಸಕೋಶದ ಸ್ಥಿತಿಯನ್ನಲ್ಲ, ವೈದ್ಯರು ಬರೆದ ವಾಕ್ಯವನ್ನು.

ಸಂಕೇತಗಳ ಮೂಲ ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಅದರ 10ನೇ ಆವೃತ್ತಿಯನ್ನು ತಮಗೆ ಬೇಕಾದಂತೆ ಹಿಗ್ಗಿಸಿಕೊಂಡ ಅಮೆರಿಕದವರು 2015ರ ಅಕ್ಟೋಬರ್ 1ರಿಂದ ಬಳಸುತ್ತಿದ್ದಾರೆ. ಅದರಲ್ಲಿ 'ಜೆ' ಉಸಿರಾಟದ ಕಾಯಿಲೆಗಳ ಅಕ್ಷರ, ಜೆ44 ಸಿಒಪಿಡಿ. ಬರೀ 'ಸಿಒಪಿಡಿ' ಅಂತಿದ್ದರೆ ಜೆ44.9. ಕಾಯಿಲೆ ದಿಢೀರನೆ ಉಲ್ಬಣಿಸಿದ್ದರೆ ಜೆ44.1. ಜೊತೆಗೆ ನ್ಯುಮೋನಿಯಾದಂಥ ಸೋಂಕಿದ್ದರೆ ಜೆ44.0, ಆ ಸೋಂಕಿಗೆ ಇನ್ನೊಂದು ಕೋಡ್. ಸೋಂಕೂ ಇದೆ, ಉಲ್ಬಣವೂ ಆಗಿದೆ ಅಂದ್ರೆ 0 ಮತ್ತು 1 ಎರಡೂ ಹಾಕಬಹುದು. ಈ ಒಂದು ಅಂಕಿಯ ಮೇಲೆ ದುಡ್ಡೂ ನಿಂತಿದೆ. ಬೇರೆ ಕಾಯಿಲೆಗೆ ದಾಖಲಾದವರಿಗೆ ಜೊತೆಗೆ ಜೆ44.1 ಇದ್ದರೆ ಅದನ್ನು ತೊಡಕು ಅಂತ ಎಣಿಸುತ್ತಾರೆ, ಆಸ್ಪತ್ರೆಗೆ ಸಿಗುವ ಹಣ ಹೆಚ್ಚಬಹುದು. ಜೆ44.9ಕ್ಕೆ ಆ ಲೆಕ್ಕ ಇಲ್ಲ.

ಇನ್ನು ಎಂಫಿಸೀಮಾ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಗೋಡೆ ಹಾಳಾಗುವುದು ಇದು, ಸಿಒಪಿಡಿಯದೇ ಒಂದು ರೂಪ. ಇದರ ಕೋಡ್ ಜೆ43. ಎಂಫಿಸೀಮಾ ಇರುವ ರೋಗಿಗೆ ಸಿಒಪಿಡಿ ಉಲ್ಬಣಿಸಿದರೆ ಯಾವ ಕೋಡ್? 2017ರಲ್ಲಿ ಅಮೆರಿಕದ ಕೋಡರ್‌ಗಳಿಗೆ ಬಂದ ಅಧಿಕೃತ ಉತ್ತರ: ಜೆ43.9 ಮಾತ್ರ. ಉಲ್ಬಣ ಅನ್ನೋದಕ್ಕೆ ಆ ಕೋಡಿನಲ್ಲಿ ಜಾಗವೇ ಇಲ್ಲ! ಏದುಸಿರು ಬಿಡುತ್ತಾ ತುರ್ತು ವಿಭಾಗಕ್ಕೆ ಬಂದವರೂ, ಮಾಮೂಲಿ ತಪಾಸಣೆಗೆ ಬಂದವರೂ ಡೇಟಾದಲ್ಲಿ ಒಂದೇ ಥರ ಕಾಣುತ್ತಾರೆ. ಮಷಿನ್ ಲರ್ನಿಂಗ್ ಪ್ರಾಜೆಕ್ಟಿಗೆ ಇಂಥ ದಾಖಲೆ ತಗೊಂಡು, ಕೋಡನ್ನೇ ಲೇಬಲ್ ಮಾಡಿಕೊಳ್ಳುವವರು ಇಲ್ಲೊಮ್ಮೆ ನಿಲ್ಲಬೇಕು. ಜೆ44.1 ಇರುವ ಸಾಲುಗಳನ್ನಷ್ಟೇ ಆರಿಸಿದರೆ ಉಲ್ಬಣವಾದ ಎಂಫಿಸೀಮಾ ರೋಗಿಗಳು ತಪ್ಪಿಹೋಗುತ್ತಾರೆ. ಮಾಡೆಲ್‌ನ ಅಕ್ಯುರಸಿ ನೋಡಿದ್ರೆ ಇದು ಗೊತ್ತೇ ಆಗಲ್ಲ.

ಕಾರಣದ ವಿಷಯಕ್ಕೆ ಬಂದರೆ ನಮಗೆ ಇನ್ನೂ ಕಸಿವಿಸಿ. ಜೆ44ರ ಕೆಳಗೆ 'ಇವನ್ನೂ ಸೇರಿಸಿ' ಅನ್ನುವ ಸೂಚನೆ ಇದೆ: ಈಗ ತಂಬಾಕು ಸೇವನೆ, ಹಿಂದಿನ ತಂಬಾಕು ಚಟ, ಪಕ್ಕದವರ ಸಿಗರೇಟಿನ ಹೊಗೆ. ಎಲ್ಲವೂ ತಂಬಾಕೇ. ಅವರ ದೇಶಕ್ಕೆ ಅದು ಸರಿಯೇ ಇರಬಹುದು. ಆದರೆ ನಮ್ಮ ಹಳ್ಳಿಗಳಲ್ಲಿ ಬೀಡಿ ಮುಟ್ಟದೆ, ಮೂವತ್ತು-ನಲವತ್ತು ವರ್ಷ ಒಲೆ ಊದಿ ದಮ್ಮು ಹತ್ತಿಸಿಕೊಂಡ ಅಜ್ಜಿಯರಿದ್ದಾರೆ. ವಾಯುಮಾಲಿನ್ಯಕ್ಕೆ ಬೇರೆ ಕೋಡ್ ಪುಸ್ತಕದಲ್ಲಿ ಇದೆ, ಆದರೆ ಈ ಸೂಚನೆಯಲ್ಲಿ ಅದರ ಹೆಸರಿಲ್ಲ. ಅದೇ ಪಟ್ಟಿಯನ್ನು ತಂದು ಇಲ್ಲಿನ ಆಸ್ಪತ್ರೆಗೆ ಸಾಫ್ಟ್‌ವೇರ್ ಮಾಡಿದರೆ, ಡ್ರಾಪ್‌ಡೌನ್‌ನಲ್ಲಿ ಅಜ್ಜಿಯ ಒಲೆ ಸಿಗಲ್ಲ.

2022ರ ಜನವರಿಯಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ ಸಿಒಪಿಡಿ ಈಗ ಸಿಎ22. ಅದರಲ್ಲಿ ಒಂದು ಕೋಡಿಗೆ ಇನ್ನೊಂದನ್ನು ಪೋಣಿಸಿ ಹೆಚ್ಚಿನ ವಿವರ ಹೇಳಬಹುದು. ಅಮೆರಿಕದ ಆಸ್ಪತ್ರೆಗಳು ಮಾತ್ರ ಇನ್ನೂ 10ರಲ್ಲೇ ಇವೆ, ಅವರಿಗಾಗಿ ಕೆಲಸ ಮಾಡುವ ಬೆಂಗಳೂರಿನ ಕೋಡರ್‌ಗಳೂ.